ಓಡದವನ ಕಸರತ್ತು

ನಯಾಜನ ಹುಚ್ಚಿಗೆ ಮದ್ದಿಲ್ಲ ಎಂದು ಕೊಟ್ಟೂರಿನ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನವರು ಎಂದೋ ತೀರ್ಮಾನ ಮಾಡಿ ಕೈಬಿಟ್ಟಿದ್ದರು. ಮನುಷ್ಯ ಅಂದಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಇಸ್ಪೀಟಿನವರಿದ್ದಾರೆ, ಪಾರಿವಾಳದವರಿದ್ದಾರೆ, ಯಾರ ಮದುವೆಯಾದರೂ ಸರಿ ತಾವೇ ಸೌಟು ಹಿಡಿದು ಬಡಿಸಬೇಕು ಎನ್ನುವವರಿದ್ದಾರೆ. ಆದರೆ ತನಗೆ ಓಡಲು ಹಕ್ಕೇ ಇಲ್ಲದ ಓಟಕ್ಕೆ ವರ್ಷ ತಪ್ಪದೆ ಹೋಗಿ, ಓಡುವವರ ಸಮಕ್ಕೆ ಬೆವರಿಳಿಯುವ ಹಾಗೆ ಕಸರತ್ತು ಮಾಡಿ, ಸೀಟಿ ಊದುವ ಹೊತ್ತಿಗೆ ಕಾಂಪೌಂಡ್ ಗೋಡೆ ಹತ್ತಿ ಕೂತುಬಿಡುವ ಚಟ ಊರಿನಲ್ಲಿ ಇದ್ದದ್ದು ಅವನೊಬ್ಬನಿಗೆ.

ಓಟ ಸರ್ಕಾರಿ ನೌಕರರದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನ ನೌಕರರು ಸೇರಿ ವರ್ಷಕ್ಕೊಮ್ಮೆ, ಸರದಿಯ ಮೇಲೆ ಒಂದೊಂದು ಊರಿನಲ್ಲಿ ನಡೆಸುವ ಆಟೋಟ. ನಯಾಜನೋ, ಅಪ್ಪ ಗೌಸ್ ಪೀರ್ ಬಿಟ್ಟುಹೋದ ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡಿಕೊಂಡಿದ್ದವನು. ಅವನಿಗೂ ಸರ್ಕಾರಕ್ಕೂ ಇದ್ದ ಸಂಬಂಧವೆಂದರೆ ಕಚೇರಿಗಳಿಗೆ ಹೋಗುವವರ ಗಾಡಿಗಳಿಗೆ ಚೈನ್ ಬಿಗಿ ಮಾಡುವುದಷ್ಟೆ. ಓಡುತ್ತಿದ್ದವನು ಅವನ ಗೆಳೆಯ ಸಂಜೀವ. ನಯಾಜ ಹೋಗುತ್ತಿದ್ದದ್ದು ಸಂಜೀವನ ಮೈ ಕಾಯಿಸಲು.

ಮೈ ಕಾಯಿಸುವುದೆಂದರೆ ಓಟಕ್ಕೆ ಮೊದಲು ಕೈಕಾಲು ಬಿಸಿ ಮಾಡಿಕೊಳ್ಳುವುದು. ಇದನ್ನು ಅವರಿಬ್ಬರಿಗೆ ಕಲಿಸಿದ್ದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಪಾಲಾಕ್ಷಪ್ಪ. ತನ್ನ ಮೈ ತಾನೇ ಕಾಯಿಸಿಕೊಳ್ಳುವವನು ಕಳ್ಳ, ಎಲ್ಲಿ ನೋಯುತ್ತದೋ ಅಲ್ಲಿಗೆ ನಿಲ್ಲಿಸಿಬಿಡುತ್ತಾನೆ, ಆದ್ದರಿಂದ ಒಬ್ಬನದನ್ನು ಇನ್ನೊಬ್ಬ ಮಾಡಬೇಕು ಎನ್ನುವುದು ಮೇಷ್ಟ್ರ ಸಿದ್ಧಾಂತ. ಮೊದಲು ಜೋಡಿಯಾಗಿ ಮೈದಾನಕ್ಕೆ ನಿಧಾನ ಸುತ್ತು. ಆಮೇಲೆ ಒಬ್ಬರ ಹೆಗಲು ಒಬ್ಬರು ಹಿಡಿದು ಕಾಲು ಬೀಸುವುದು. ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರನ್ನೊಬ್ಬರು ಎತ್ತುವುದು. ಕಡೆಗೆ ಒಬ್ಬ ಅಂಗಾತ ಮಲಗಿ ಕಾಲು ಎತ್ತಿ ಕೊಡಬೇಕು, ಇನ್ನೊಬ್ಬ ಆ ಕಾಲನ್ನು ಹೆಗಲಿಗಿಟ್ಟುಕೊಂಡು, ಬೆರಳುಗಳನ್ನು ಹಿಡಿದು, ಮೆಲ್ಲಗೆ ಮುಂದಕ್ಕೆ ಬಾಗಬೇಕು. ತೊಡೆಯ ಹಿಂಭಾಗದಿಂದ ಮೀನಖಂಡದ ತನಕ ಬಿಗಿದದ್ದೆಲ್ಲ ಆಗ ಬಿಡುತ್ತದೆ. ಮೈ ಕಾದ ಮೇಲೆ ಓಟ ಶುರುವಾಗುವ ತನಕ ಕೂರಬಾರದು. ಕೂತರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಫಜೀತಿ ಇದ್ದದ್ದು ಆ ಕೊನೆಯ ಕಸರತ್ತಿನಲ್ಲಿ. ಸಂಜೀವನ ಕಾಲನ್ನು ಹೆಗಲಿಗಿಟ್ಟುಕೊಳ್ಳಲು ತರಗತಿಯ ಒಬ್ಬ ಹುಡುಗನೂ ಬರಲಿಲ್ಲ. ಊರಾಚೆಯ ಕೇರಿಯ ಹುಡುಗನ ಕಾಲು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಇತ್ತು. ಒಬ್ಬನಿಗೆ ಹೊಟ್ಟೆನೋವು ಬಂತು, ಒಬ್ಬನಿಗೆ ನೀರಡಿಕೆಯಾಯಿತು, ಇನ್ನೊಬ್ಬ ಆಗಲೇ ಬೇರೆಯವನ ಕೈ ಹಿಡಿದು ನಿಂತಿದ್ದ. ನಯಾಜನ ಹತ್ತಿರವೂ ಯಾರೂ ಸುಳಿಯಲಿಲ್ಲ. ಬೆಳಿಗ್ಗೆ ಗ್ಯಾರೇಜಿನಲ್ಲಿ ಅಪ್ಪನ ಕೈಕೆಳಗೆ ದುಡಿದು ಬರುತ್ತಿದ್ದ ಹುಡುಗ. ಅವನ ಅಂಗಿ ಸೀಮೆಎಣ್ಣೆ ನಾರುತ್ತಿತ್ತು. ಎಲ್ಲರೂ ಜೋಡಿಯಾದ ಮೇಲೆ ಮೈದಾನದಲ್ಲಿ ಉಳಿದವರು ಇವರಿಬ್ಬರೇ.

ಸಂಜೀವ ಮಲಗಿದ. ಆದರೆ ಕಾಲು ಕೊಡಲಿಲ್ಲ. ಎರಡೂ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, "ಬ್ಯಾಡ ಬಿಡಪ್ಪ. ನಾ ಒಬ್ಬನ ಮಾಡ್ಕೊಂತೀನಿ" ಎಂದ.

"ಕೊಡಲೇ ಸಾಕು" ಎಂದು ನಯಾಜ ಅವನ ಪಾದ ಹಿಡಿದು ಎಳೆದು ಹೆಗಲ ಮೇಲೆ ಹಾಕಿಕೊಂಡ.

ಅದರಲ್ಲಿ ದೊಡ್ಡಸ್ತಿಕೆ ಏನೂ ಇರಲಿಲ್ಲ. ಅವನಿಗೆ ಬೇಗ ಮುಗಿಸಿ ಓಡಬೇಕಿತ್ತು. ಸಂಜೀವನ ಕಾಲು ಆದ ಮೇಲೆ ನಯಾಜ ಮಲಗಿದ, ಸಂಜೀವ ಅವನ ಕಾಲು ಹಿಡಿದ. ಓಟದಲ್ಲಿ ನಯಾಜ ಮೊದಲು ಬಂದ, ಸಂಜೀವ ಎರಡನೆಯವನು. ಹೈಸ್ಕೂಲು ಮುಗಿಯುವ ತನಕ ಈ ಲೆಕ್ಕ ಹೀಗೇ ನಡೆಯಿತು. ಆಮೇಲೆ ಒಬ್ಬ ಗ್ಯಾರೇಜಿಗೆ ಹೋದ, ಇನ್ನೊಬ್ಬ ಕಾಲೇಜಿಗೆ ಹೋದ.

ಸಂಜೀವನಿಗೆ ಸರ್ಕಾರಿ ಕೆಲಸ ಸಿಕ್ಕಿ ನೌಕರರ ಓಟಕ್ಕೆ ಹೆಸರು ಕೊಟ್ಟಾಗ ಅವನು ಮೊದಲು ಬಂದದ್ದು ಗ್ಯಾರೇಜಿಗೆ. "ನೀ ಬರದಿದ್ರ ನನ್ನ ಮೈ ಕಾಯಂಗಿಲ್ಲಲೇ, ನಡಿ" ಎಂದ. ಅಂದಿನಿಂದ ನಯಾಜನ ಚಟ ಶುರುವಾಯಿತು. ಮೊದಮೊದಲು ಇಬ್ಬರೂ ಸರದಿಯ ಪ್ರಕಾರವೇ ಮಾಡುತ್ತಿದ್ದರು. ಮೊದಲು ಸಂಜೀವನ ಕಾಲು, ಆಮೇಲೆ ನಯಾಜನದು. ಓಡದವನ ಕಾಲನ್ನು ಹಿಡಿದು ಏನು ಮಾಡಬೇಕು ಹೇಳಿ. ಒಂದು ವರ್ಷ ಹೊತ್ತಾಗಿತ್ತು, ಇನ್ನೊಂದು ವರ್ಷ ಸೀಟಿ ಊದಿಬಿಟ್ಟರು, ಮತ್ತೊಂದು ವರ್ಷ ಇಬ್ಬರಿಗೂ ನೆನಪಾಗಲಿಲ್ಲ. ಎರಡನೆಯ ಸರದಿ ತಾನಾಗಿ ಉದುರಿಹೋಯಿತು. ನಯಾಜ ಕೇಳಲಿಲ್ಲ. ಸಂಜೀವನ ಕೈಗಡಿಯಾರ, ಮೊಬೈಲು ಹಿಡಿದುಕೊಂಡು ಗೋಡೆ ಹತ್ತಿ ಕೂರುತ್ತಿದ್ದ. ಪ್ರತಿ ವರ್ಷ ಸಂಜೀವ ಹೊಸ ಬೂಟು ಕೊಂಡಾಗ ಹಳೆಯದು ನಯಾಜನ ಪಾಲಿಗೆ ಬರುತ್ತಿತ್ತು.

ಎರಡು ವರ್ಷದ ಕೆಳಗೆ ಸಂಜೀವನಿಗೆ ಸೂಪರಿಂಟೆಂಡೆಂಟ್ ಆಗಿ ಬಡ್ತಿ ಸಿಕ್ಕಿ ಹಡಗಲಿಗೆ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದ. ಅಲ್ಲಿಯ ತನಕ ಇಬ್ಬರೂ ಬೆಳಗಾಗುವ ಮುಂಚೆ ಕೂಡ್ಲಿಗಿ ರಸ್ತೆಯಲ್ಲಿ ಓಡುತ್ತಿದ್ದರು. ಆಮೇಲೆ ನಯಾಜನೊಬ್ಬನೇ ಓಡಿದ. ಬಿಡಬಹುದಿತ್ತು. ಬಿಟ್ಟರೆ ಯಾರಿಗೆ ನಷ್ಟ? ಆದರೆ ಮಾತಿಗೊಬ್ಬನಿಲ್ಲದ ಮುಂಜಾನೆಯಲ್ಲಿ ಸುಮ್ಮನೆ ಕೂತರೆ ಎದೆಯ ಮೇಲೆ ಏನೋ ಹೇರಿದ ಹಾಗೆ ಆಗುತ್ತಿತ್ತು, ಓಡಿದರೆ ಅಷ್ಟು ಆಗುತ್ತಿರಲಿಲ್ಲ. ಫೋನು ಮೊದಲು ವಾರಕ್ಕೊಮ್ಮೆ ಬಂತು, ಆಮೇಲೆ ಹಬ್ಬಕ್ಕೆ ಬಂತು. ಆಟೋಟಕ್ಕೆ ಎರಡು ದಿನ ಮುಂಚಿನ ಫೋನು ಮಾತ್ರ ತಪ್ಪಿರಲಿಲ್ಲ.

ಈ ವರ್ಷ ಅದೂ ಬರಲಿಲ್ಲ. ಹರಪನಹಳ್ಳಿಯಲ್ಲಿ ಆಟೋಟ ಎಂಬ ಸುದ್ದಿ ನಯಾಜನಿಗೆ ತಿಳಿದದ್ದು ಕ್ಲಚ್ ವೈರು ಹಾಕಿಸಲು ಬಂದಿದ್ದ ಒಬ್ಬ ಗುಮಾಸ್ತನಿಂದ.

ಹೊರಡುವ ದಿನ ನಸುಕಿನಲ್ಲಿ ಹೆಂಡತಿ ಪರ್ವೀನ್ ಚಹಾ ಕೊಡುತ್ತ ಕೇಳಿದಳು. "ಅವ್ರು ಕರದಾರೇನ್ರಿ?"

"ಮರ್ತಿರ್ತಾನ. ಕೆಲಸದ ಗದ್ದಲ."

"ಮರಿಯೋದು ಅಂದ್ರ ಅದ ಅಲ್ಲೇನು?"

ನಯಾಜ ಬೂಟಿನ ಲೇಸು ಕಟ್ಟಿದ. ಹೆಂಡತಿ ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹೊರಟಿದ್ದ. ಸಂಜೀವನಿಗೆ ತಾನು ಇನ್ನು ಬೇಕೋ ಬೇಡವೋ, ಅದೊಂದನ್ನು ಕಣ್ಣಾರೆ ನೋಡಿಬಿಡಬೇಕಿತ್ತು. ಕಾಲು ಕೊಟ್ಟನೋ, ಬೇಕು. ಕೊಡಲಿಲ್ಲವೋ, ಮುಗಿಯಿತು. ಗ್ಯಾರೇಜಿನವನಿಗೆ ಇಂಥ ಪರೀಕ್ಷೆಗಳ ಮೇಲೆ ಬಹಳ ನಂಬಿಕೆ.

ಚಿಗಟೇರಿ ಹತ್ತಿರ ಒಂದು ಚಹಾ ಕುಡಿದು, ಹರಪನಹಳ್ಳಿ ಮೈದಾನ ಮುಟ್ಟಿದಾಗ ಶಾಮಿಯಾನ ಕಟ್ಟುವವರು ಇನ್ನೂ ಗೂಟ ಹೊಡೆಯುತ್ತಿದ್ದರು. ನಯಾಜ ಬೈಕು ನಿಲ್ಲಿಸಿ ಮೈದಾನಕ್ಕೆ ನಿಧಾನವಾಗಿ ಸುತ್ತು ಹಾಕಿದ. ಹಿಮ್ಮಡಿ ತಿರುಗಿಸಿದ, ಮೊಣಕಾಲು ತಿರುಗಿಸಿದ, ಸೊಂಟ ತಿರುಗಿಸಿದ. ಹಿಡಿಯಲು ಇನ್ನೊಬ್ಬನ ಹೆಗಲು ಇರಲಿಲ್ಲವಾದ್ದರಿಂದ ಕಾಂಪೌಂಡ್ ಗೋಡೆ ಹಿಡಿದು ಕಾಲು ಬೀಸಿದ. ಬೆನ್ನಿಗೆ ಬೆನ್ನು ಕೊಡುವುದು ಒಬ್ಬನಿಂದ ಆಗುವ ಕೆಲಸವಲ್ಲ, ಅದನ್ನು ಬಿಟ್ಟ. ಮಲಗಿ ಗೋಡೆಗೆ ಕಾಲು ಕೊಟ್ಟು ನೋಡಿದ. ಗೋಡೆ ಎಲ್ಲಿತ್ತೋ ಅಲ್ಲೇ ಇತ್ತು. ಗೂಟ ಹೊಡೆಯುತ್ತಿದ್ದವರಲ್ಲಿ ಒಬ್ಬ, "ಯಾವ ಡಿಪಾರ್ಟ್‌ಮೆಂಟ್ ಸಾರ್ ನಿಮ್ದು?" ಎಂದು ಕೇಳಿದ. ನಯಾಜ ಕೈಬೀಸಿ ನಕ್ಕ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಸಂಜೀವನೇ ಮುಂದೆ ಬಂದು ನಿಭಾಯಿಸುತ್ತಿದ್ದ. "ಇಂವ ನನ್ನ ಡಿಪಾರ್ಟ್‌ಮೆಂಟ್" ಎನ್ನುತ್ತಿದ್ದ.

ಹಡಗಲಿಯವರ ಟೆಂಪೊ ಬಂತು. ಇಳಿದವರೆಲ್ಲ ನೀಲಿ ಟ್ರ್ಯಾಕ್‌ಸೂಟಿನವರು. ಕ್ರಾಂತಿಕುಮಾರ್ ಎಂಬ ಹೊಸದಾಗಿ ಕೆಲಸಕ್ಕೆ ಸೇರಿದ ಉತ್ಸಾಹಿ ತರುಣ ಎಲ್ಲರಿಗೂ ಒಂದೊಂದು ಚಾಪೆ ಹಂಚಿ, ಮೊಬೈಲಿನಲ್ಲಿ ಹಾಡು ಹಚ್ಚಿ, ಮುಂದೆ ನಿಂತು ಜಿಗಿಯತೊಡಗಿದ. ಹಿಂದೆ ಸಂಜೀವನೂ ಜಿಗಿಯುತ್ತಿದ್ದ. ಮೈ ತುಸು ತುಂಬಿಕೊಂಡಿದ್ದಾನೆ, ಮೀಸೆಗೆ ಬಣ್ಣ ಹಚ್ಚಿದ್ದಾನೆ, ಅದೇ ಸಂಜೀವ. ನಯಾಜ ಗೋಡೆಯ ಹತ್ತಿರ ಎದ್ದು ನಿಂತ. ಎದೆ ಡವಗುಟ್ಟಿತು, ಓಟಕ್ಕೆ ಮುಂಚೆ ಡವಗುಟ್ಟುತ್ತದಲ್ಲ, ಹಾಗೆ.

ಸಂಜೀವ ನೋಡಿದ. ಜಿಗಿಯುವುದನ್ನು ನಿಲ್ಲಿಸದೆ ಕೈ ಎತ್ತಿ, "ಓ, ಬಂದೀಯಾ? ಆಮ್ಯಾಲ ಸಿಗ್ತೀನಿ" ಎಂದು ದೂರದಿಂದಲೇ ಕೂಗಿದ.

ಆಮೇಲೆ ಎಲ್ಲರೂ ತಂತಮ್ಮ ಚಾಪೆಯ ಮೇಲೆ ಕೂತು, ತಂತಮ್ಮ ಕಾಲ ಬೆರಳನ್ನು ತಾವೇ ಮುಟ್ಟಲು ನೋಡಿದರು. ಸಂಜೀವನ ಕೈ ಮೊಣಕಾಲಿನ ಕೆಳಕ್ಕೆ ತುಸು ದೂರ ಹೋಗಿ ನಿಂತುಬಿಟ್ಟಿತು. ಪಾಲಾಕ್ಷಪ್ಪ ಮೇಷ್ಟ್ರು ಹೇಳುತ್ತಿದ್ದ ಕಳ್ಳತನ ಅದೇ. ಗೋಡೆಯ ಹತ್ತಿರದಿಂದಲೇ ನಯಾಜನ ಎರಡೂ ಕೈ ತಾವಾಗಿ ಮುಂದೆ ಬಂದವು, ನಾಚಿಕೆಯಾಗಿ ಜೇಬಿಗೆ ಸೇರಿಸಿದ. ಸಂಜೀವ ಗಡಿಯಾರ ಬಿಚ್ಚಿ, ಮೊಬೈಲು ತೆಗೆದು, ಎರಡನ್ನೂ ಕ್ರಾಂತಿಕುಮಾರ್‌ನ ಕೈಗೆ ಕೊಟ್ಟ.

ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ನಯಾಜ ಬೈಕು ಹತ್ತಿ ಹೊರಟುಬಿಡಬೇಕಿತ್ತು. ಮನುಷ್ಯ ಅಷ್ಟು ಸಲೀಸಾಗಿ ಹೊರಡುವಂತಿದ್ದರೆ ಹರಪನಹಳ್ಳಿಯ ತನಕ ಬರುತ್ತಲೇ ಇರಲಿಲ್ಲ.

ಅತಿಥಿಗಳು ಬರುವುದು ತಡವಾಯಿತು. ಅತಿಥಿಗಳು ಯಾವಾಗ ಬೇಗ ಬಂದಿದ್ದಾರೆ? ಬಿಸಿಲು ಏರಿದ ಮೇಲೆ ಕಾರು ಬಂತು, ಶಾಲು ಹೊದಿಸಿದರು, ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಆರೋಗ್ಯವೇ ಭಾಗ್ಯ ಎಂಬ ವಿಷಯದ ಮೇಲೆ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಮೈ ಕಾಯಿಸಿಕೊಂಡಿದ್ದ ಓಟಗಾರರೆಲ್ಲ ಶಾಮಿಯಾನದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಾಲು ಚಾಚಿ, ಉಪ್ಪಿಟ್ಟು ತಿಂದು, ಭಾಷಣ ಕೇಳುತ್ತ ತಣ್ಣಗಾಗುತ್ತಿದ್ದರು. ಇತ್ತ ಬಿಸಿಲಿನಲ್ಲಿ ಓಟವೇ ಇಲ್ಲದ ನಯಾಜ, ಕೂತರೆ ಆರೀತೆಂದು ಗೋಡೆಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತ, ನಡುನಡುವೆ ಹತ್ತು ಹೆಜ್ಜೆ ಓಡುತ್ತ ಮೈ ಬಿಸಿ ಉಳಿಸಿಕೊಳ್ಳುತ್ತಿದ್ದ. ಮೇಷ್ಟ್ರು ಹೇಳಿದ್ದರು, ಅಷ್ಟೆ.

ತರುಣರ ಓಟಗಳು ಮುಗಿದವು. ನಲವತ್ತೈದು ದಾಟಿದವರ ನಾನ್ನೂರು ಮೀಟರಿಗೆ ಹೆಸರು ಕೂಗುವಾಗ ತೊಡಕು ಬಂತು. ಇದ್ದದ್ದೇ ಮೂರು ಹೆಸರು: ಹಡಗಲಿಯ ಸಂಜೀವ, ಕೂಡ್ಲಿಗಿಯ ಮಾರೇಶ್, ಹರಪನಹಳ್ಳಿಯ ಪಾಲಯ್ಯ. ಪಾಲಯ್ಯ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಮೂವರಿಲ್ಲದಿದ್ದರೆ ಓಟ ರದ್ದು, ರದ್ದಾದರೆ ಮುಂದಿನ ಹಂತಕ್ಕೆ ಯಾರೂ ಹೋಗುವಂತಿಲ್ಲ. ಮೈಕಿನವರು ತಲೆಗೆ ತಲೆ ಕೊಟ್ಟು ಮಾತಾಡಿಕೊಂಡರು. ತುಸು ಹೊತ್ತಿಗೆ ಸಂಜೀವ ಗೋಡೆಯತ್ತ ಬಂದ. ಹಿಂದೆ ಕ್ರಾಂತಿಕುಮಾರ್, ಕೈಯಲ್ಲಿ ನಂಬರು ಬರೆದ ಎದೆಪಟ್ಟಿ.

"ನಯಾಜ, ಒಂದು ಉಪಕಾರ ಆಗ್ಬೇಕಲೇ" ಎಂದ ಸಂಜೀವ.

"ಹೇಳು."

"ಇದನ್ನ ಕಟ್ಕ್ಯಾ. ಪಾಲಯ್ಯ ಅಂತ ಕೂಗ್ತಾರ, ಕೈ ಎತ್ತು. ಹೆಸರಿಗೆ ಮೂರು ಮಂದಿ ಆದ್ರ ಸಾಕು. ಇಲ್ಲೀವ್ರೂ ಒಪ್ಪ್ಯಾರ."

ನಯಾಜ ಎದೆಪಟ್ಟಿಯನ್ನು ಕೈಗೆ ತೆಗೆದುಕೊಂಡ. "ನಾ ಓಡ್ಬೇಕೇನು?" ಎಂದ.

"ಓಡು. ಹಿಂದಿಂದ ಬಂದ್ರ ಸಾಕು. ಮೂರನೇದು ಬಾ. ಈ ಸರ್ತಿ ನಾ ರಾಜ್ಯಮಟ್ಟಕ್ಕ ಹೋಗ್ಬೇಕು, ಆಫೀಸ್ನ್ಯಾಗ ಎಲ್ಲಾರೂ ಅದ ಮಾತು ಹಿಡ್ಕೊಂಡು ಕುಂತಾರ."

"ಆತು" ಎಂದ ನಯಾಜ. ಎದೆಪಟ್ಟಿ ಕಟ್ಟಿಕೊಂಡ. ಆಮೇಲೆ ನೆಲದ ಮೇಲಿನ ಕಲ್ಲನ್ನು ಬೂಟಿನಿಂದ ಆಚೆ ಸರಿಸಿ, ಮಂಡಿಯೂರಿ ಕೂತು, ಎರಡೂ ಕೈ ಮುಂದೆ ಚಾಚಿದ. "ಬಾ. ಮಲಕ್ಕೊ. ಕಾಲು ಕೊಡು ಮೊದಲು."

"ನಂದು ಮುಂಜಾನೆನ ಆಗೇತಿ."

"ಆಗಿದ್ದು ಆರೈತಿ. ಇಷ್ಟೊತ್ತನ ಕುರ್ಚಿ ಮ್ಯಾಲ ಕುಂತಿದ್ದಿ. ನಿನ್ನ ಎಡಗಾಲು ನನಗ ಗೊತ್ತಿಲ್ಲೇನು? ಕಡೀ ತಿರುವಿನ್ಯಾಗ ಹಿಡೀತೈತಿ. ಎರಡು ನಿಮಿಷದ ಕೆಲಸ, ಬಾರಲೇ."

ಸಂಜೀವ ಹಿಂದಕ್ಕೆ ತಿರುಗಿ ನೋಡಿದ. ಶಾಮಿಯಾನದ ಕೆಳಗೆ ನೀಲಿ ಟ್ರ್ಯಾಕ್‌ಸೂಟಿನವರೆಲ್ಲ ಇತ್ತಲೇ ಮುಖ ಮಾಡಿ ಕೂತಿದ್ದರು. "ಎಲ್ಲಾರೂ ನೋಡ್ತಾರ. ಬಿಡೋ" ಎಂದ ಮೆಲ್ಲಗೆ.

ಏನು ನೋಡುತ್ತಾರೆ ಎಂದು ನಯಾಜ ಕೇಳಲಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು ಮಣ್ಣಿನಲ್ಲಿ ಮಲಗಿ ಬೈಕ್ ರಿಪೇರಿಯವನ ಹೆಗಲಿಗೆ ಕಾಲು ಕೊಡುವುದನ್ನು ನೋಡುತ್ತಾರೆ. ಹಿಂದೆ ಸಂಜೀವನ ಕಾಲು ಮುಟ್ಟಲು ಹೇಸಿದವರೂ ಹೀಗೇ ಸುತ್ತ ನಿಂತು ನೋಡಿದ್ದರು, ಆಗ ನಯಾಜನಿಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ನಯಾಜ ಚಾಚಿದ್ದ ಕೈಗಳನ್ನು ಮಡಚಿ, ಮೊಣಕಾಲಿನ ಮಣ್ಣು ಝಾಡಿಸಿಕೊಂಡು ಎದ್ದ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟಿಗಿಂತ ಹೆಚ್ಚಾಗಿ, ಆ ಜನ ತುಂಬಿದ ಮೈದಾನದಲ್ಲಿ ತಾನೊಬ್ಬನೇ ನಿಂತಿದ್ದೇನೆ ಅನ್ನಿಸಿತು.

ಸುಣ್ಣದ ಗೆರೆಯ ಹಿಂದೆ ಮೂವರೂ ನಿಂತರು. "ಪಾಲಯ್ಯ" ಎಂದು ಕೂಗಿದರು. ನಯಾಜ ಕೈ ಎತ್ತಿದ. ಸೀಟಿ ಊದಿದರು.

ಸಂಜೀವ ಮುಂದೆ ಹೋದ, ಮಾರೇಶ್ ಅವನ ಹಿಂದೆ. ನಯಾಜ ಒಪ್ಪಿಕೊಂಡ ಹಾಗೆ ಮೂರನೆಯವನಾಗಿ ಓಡಿದ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಮೈ ಹದವಾಗಿ ಕಾದಿತ್ತು. ಚಳಿಗಾಲದ ಬೆಳಿಗ್ಗೆ ಒದ್ದೊದ್ದು ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿಯಾದ ಗಾಡಿಯ ಹಾಗೆ, ಒಂಚೂರು ಎಕ್ಸಿಲರೇಟರ್ ಕೊಟ್ಟರೆ ಸಾಕು ಹಾರುತ್ತೇನೆ ಎನ್ನುತ್ತಿತ್ತು. ಅವನು ಬ್ರೇಕ್ ಹಿಡಿದುಕೊಂಡು ಓಡಿದ. ಮುಂದಿನವರ ಬೆನ್ನುಗಳು ಏದುಸಿರಿಗೆ ಏರಿಳಿಯುತ್ತಿದ್ದವು. ಇಷ್ಟು ವರ್ಷ ಗೋಡೆಯ ಮೇಲಿಂದ ನೋಡಿದ್ದ ಓಟ ಒಳಗಿನಿಂದ ಬೇರೆಯೇ ಇತ್ತು. ಗಾಳಿ ಇತ್ತು, ಬೂಟಿನ ಸದ್ದಿತ್ತು, ಯಾರೋ ಯಾರ ಹೆಸರನ್ನೋ ಕೂಗುತ್ತಿದ್ದರು. ಅವನ ಹೆಸರನ್ನು ಯಾರೂ ಕೂಗಲಿಲ್ಲ.

ಕಡೆಯ ತಿರುವಿನಲ್ಲಿ ಸಂಜೀವನ ಎಡ ಹಿಮ್ಮಡಿ ನೆಲಕ್ಕೆ ಊರುವುದು ನಿಂತಿತು. ನಯಾಜನಿಗೆ ಗೊತ್ತಾಯಿತು, ಇನ್ನು ನಾಲ್ಕು ಹೆಜ್ಜೆ. ನಾಲ್ಕನೆಯ ಹೆಜ್ಜೆಗೆ ಸಂಜೀವ "ಅಯ್ಯಯ್ಯೋ" ಎಂದು ಮೀನಖಂಡ ಹಿಡಿದುಕೊಂಡು ಕುಸಿದ. ಮಾರೇಶ್ ಗಾಬರಿಯಾಗಿ ಹೆಜ್ಜೆ ತಪ್ಪಿ, ಹಿಂದೆ ತಿರುಗಿ ನೋಡುತ್ತ ನಿಧಾನವಾದ.

ನಿಲ್ಲಬೇಕಿತ್ತು. ಕೂತು, ಆ ಕಾಲು ಹಿಡಿದು, ಬೆರಳುಗಳನ್ನು ಮೇಲಕ್ಕೆ ಒತ್ತಿದ್ದರೆ ಅರೆಗಳಿಗೆಯಲ್ಲಿ ಬಿಡುತ್ತಿತ್ತು. ಜಗತ್ತಿನಲ್ಲಿ ಆ ಕಾಲಿನ ಹದ ಬಲ್ಲವನು ಅವನೊಬ್ಬನೇ. ಸಂಜೀವ ನೆಲದಿಂದ ತಲೆ ಎತ್ತಿ ನೋಡಿದ. ಇನ್ನೇನು ನಯಾಜ ಕೂರುತ್ತಾನೆ ಎಂದು ಕಾಲನ್ನು ಅವನತ್ತ ಚಾಚಿಯೂ ಬಿಟ್ಟ. ನಯಾಜ ಆ ಚಾಚಿದ ಕಾಲನ್ನು ನೋಡಿದ. ನೋಡಿ, ಪಕ್ಕದಿಂದ ಓಡಿಹೋದ.

ಆಮೇಲಿನದನ್ನು ಅವನು ಓಡಿದನೋ, ಮೈಯೇ ಅವನನ್ನು ಹೊತ್ತುಕೊಂಡು ಹೋಯಿತೋ. ಮಾರೇಶ್ ಯಾವಾಗ ಹಿಂದೆ ಬಿದ್ದನೆಂಬುದೂ ತಿಳಿಯಲಿಲ್ಲ. ಇಷ್ಟು ವರ್ಷ ಕಾಯಿಸಿ ಕಾಯಿಸಿ ಗೋಡೆಯ ಮೇಲೆ ಆರಲು ಬಿಟ್ಟಿದ್ದ ಮೈ ಒಂದೇ ಸಲಕ್ಕೆ ತನ್ನದನ್ನು ವಸೂಲಿ ಮಾಡಿಕೊಂಡಿತು. ಎಂಥ ಸುಖ. ಹದಿನೈದರ ಹುಡುಗನಾಗಿದ್ದಾಗ ಬಿಟ್ಟುಬಂದಿದ್ದ ಸುಖ, ಒಂಚೂರೂ ಹಳತಾಗಿರಲಿಲ್ಲ. ಹಗ್ಗ ಎದೆಗೆ ತಾಗಿತು.

"ಪ್ರಥಮ ಸ್ಥಾನ, ನಮ್ಮ ಹರಪನಹಳ್ಳಿಯ ಪಾಲಯ್ಯನವರು" ಎಂದು ಮೈಕು ಹೇಳಿತು. ನಯಾಜ ಅರೆಗಳಿಗೆ ಪಾಲಯ್ಯ ಎಲ್ಲಿದ್ದಾನೆಂದು ಸುತ್ತ ನೋಡಿದ. ಹರಪನಹಳ್ಳಿಯವರು ಚಪ್ಪಾಳೆ ತಟ್ಟಿದರು, ಪಾಲಯ್ಯನ ಮುಖ ಬಲ್ಲವರು ಬಿದ್ದು ಬಿದ್ದು ನಕ್ಕರು. ನಯಾಜನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಕೊರಳಿಗೆ ಪದಕ ಹಾಕಿ, ಅತಿಥಿಗಳು ಬೆನ್ನು ತಟ್ಟಿ, "ಈ ವಯಸ್ಸಿನಲ್ಲೂ ಏನು ಮೈಕಟ್ಟು ಪಾಲಯ್ಯನವರೇ" ಎಂದರು. ಫೋಟೋ ಹೊಡೆದರು. ಕೆಳಗಿಳಿದ ಕೂಡಲೇ ಒಬ್ಬರು ಬಂದು ನಯವಾಗಿ ಪದಕವನ್ನೂ ಎದೆಪಟ್ಟಿಯನ್ನೂ ಬಿಚ್ಚಿಸಿಕೊಂಡರು. "ತಪ್ಪು ತಿಳ್ಕಬ್ಯಾಡ್ರಿ, ಇದನ್ನ ಅವ್ರಿಗೆ ಮುಟ್ಟಿಸ್ತೀವಿ" ಎಂದರು. ಹೀಗೆ, ಕಂಬಳಿ ಹೊದ್ದು ಮಲಗಿದ್ದ ಪಾಲಯ್ಯ ಮುಂದಿನ ಹಂತದ ಓಟಕ್ಕೆ ಆಯ್ಕೆಯಾದ.

ಶಾಮಿಯಾನದಲ್ಲಿ ಸಂಜೀವನನ್ನು ಕುರ್ಚಿಯ ಮೇಲೆ ಕೂರಿಸಿ, ಕ್ರಾಂತಿಕುಮಾರ್ ಕಾಲಿಗೆ ಏನೋ ಸ್ಪ್ರೇ ಹೊಡೆಯುತ್ತಿದ್ದ. ಸುತ್ತ ನೀಲಿ ಗುಂಪು. ನಯಾಜ ಅತ್ತ ಎರಡು ಹೆಜ್ಜೆ ಹಾಕಿ ನಿಂತ. ಗೋಡೆಯ ಹತ್ತಿರಕ್ಕೆ ತಿರುಗಿ ಬಂದು ಕೂತ. ಕೂತ ಮೇಲೆ ತಿಳಿಯಿತು, ತನ್ನ ಮೀನಖಂಡವೂ ಕಲ್ಲಾಗುತ್ತಿದೆ. ಓಟ ಮುಗಿದ ಮೇಲೂ ನಡೆದಾಡಬೇಕು, ಕಾಲು ಸಡಿಲಿಸಬೇಕು ಎಂದು ಮೇಷ್ಟ್ರು ಹೇಳಿದ್ದರು. ಓ‌ಟವೇ ಇಲ್ಲದವನಿಗೆ ಅದು ಹೇಗೆ ನೆನಪಿರಬೇಕು?

ಹಡಗಲಿಯವರು ಸಾಮಾನು ಕಟ್ಟುವಾಗ ಸಂಜೀವ ಕುಂಟುತ್ತ ಬಂದ. ಮುಖ ಬಿಗಿದುಕೊಂಡಿತ್ತು. ಬಂದು ಗೋಡೆಗೆ ಕೈ ಕೊಟ್ಟು ನಿಂತ.

"ನಿಲ್ಲಬೇಕಿತ್ತು ನೀ" ಎಂದ.

"ಹೌದು."

"ಮತ್ತ್ಯಾಕ ನಿಲ್ಲಲಿಲ್ಲ?"

ನಯಾಜ ಕಾರಣ ಹುಡುಕಿದ. ಫೋನು ಮಾಡಲಿಲ್ಲವಲ್ಲ ಎನ್ನಬಹುದಿತ್ತು, ಕಾಲು ಕೊಡಲಿಲ್ಲವಲ್ಲ ಎನ್ನಬಹುದಿತ್ತು. ಎರಡೂ ನಿಜವೇ. ಆದರೆ ಓಡುವಾಗ ಅವೆರಡೂ ಅವನ ತಲೆಯಲ್ಲಿ ಇರಲಿಲ್ಲ. "ಮೈ ಕಾದಿತ್ತಲೇ" ಎಂದ.

ಸಂಜೀವನ ಕಣ್ಣು ನಯಾಜನ ಬೂಟಿನ ಮೇಲೆ ಬಿತ್ತು. ಹೋದ ಸಲ ತಾನೇ ಕೊಟ್ಟಿದ್ದ ಬೂಟು. ಒಳಗೆ ಬೆರಳುಗಳು ಸೆಟೆದು ಬೂಟಿನ ಮೂತಿ ಮೇಲಕ್ಕೆದ್ದಿತ್ತು. "ನಿಂದೂ ಹಿಡದೈತೇನು?" ಎಂದು ಕೇಳಿದ.

"ಹ್ಞೂಂ."

ಸಂಜೀವ ತನ್ನ ನೋವಿನ ಕಾಲನ್ನು ಆಚೆ ಚಾಚಿಕೊಂಡು, ಗೋಡೆ ಹಿಡಿದು, ಕಷ್ಟಪಟ್ಟು ಮಣ್ಣಿನಲ್ಲಿ ಕೂತ. ನೀಲಿ ಟ್ರ್ಯಾಕ್‌ಸೂಟು ಮಣ್ಣಾಯಿತು. ಎರಡೂ ಕೈ ಮುಂದೆ ಮಾಡಿ, "ಕೊಡು" ಎಂದ.

ನಯಾಜನಿಗೆ ಕಾಲು ಕೊಡಲು ಆಗಲಿಲ್ಲ. ಹಿಡಿಯುವುದು ಗೊತ್ತಿತ್ತು ಅವನಿಗೆ. ಹಿಡಿಸಿಕೊಳ್ಳುವುದು ಮರೆತೇ ಹೋಗಿತ್ತು. ಅಂಗಾಲು, ಹರಿದ ಕಾಲುಚೀಲ, ಇಷ್ಟು ವರ್ಷದ ಗ್ರೀಸು, ಈಗಷ್ಟೇ ಬಿದ್ದವನನ್ನು ದಾಟಿ ಓಡಿದ ಕಾಲು, ಎಲ್ಲಾ ಒಟ್ಟಿಗೆ ನೆನಪಾಗಿ ನಾಚಿಕೆ ನುಗ್ಗಿತು. ಎರಡೂ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡ.

"ಬ್ಯಾಡ ಬಿಡಪ್ಪ. ನಾ ಒಬ್ಬನ ಮಾಡ್ಕೊಂತೀನಿ."

ಅಂದ ಮೇಲೆ ಇಬ್ಬರಿಗೂ ಆ ಮಾತಿನ ಗುರುತು ಸಿಕ್ಕಿತು. ಸಂಜೀವನ ಮುಖ ಒಂದು ಗಳಿಗೆ ಹೈಸ್ಕೂಲಿನ ಹುಡುಗನ ಮುಖವಾಯಿತು. ಅವನ ಕೈಗಳು ಗಾಳಿಯಲ್ಲಿ ಚಾಚಿದ ಹಾಗೇ ಇದ್ದವು. ಎಳೆದುಕೋ, ಎಂದುಕೊಂಡ ನಯಾಜ. ಒಂದು ಸಲ ‘ಕೊಡಲೇ ಸಾಕು’ ಅನ್ನು, ಪಾದ ಹಿಡಿದು ಎಳೆ, ಕೊಟ್ಟುಬಿಡುತ್ತೇನೆ. ಬಾಯಲ್ಲಿ ಆಡಲಿಲ್ಲ. ಆ ಮಾತನ್ನು ತಾನೇ ಹೇಳಿಕೊಡುವಂತಿರಲಿಲ್ಲ.

ಟೆಂಪೊ ಹಾರ್ನ್ ಹೊಡೆಯಿತು. "ಸರ್, ಹೊಂಡೋಣ್ರಿ, ಎಲ್ಲಾರೂ ಹತ್ತ್ಯಾರ" ಎಂದು ಕ್ರಾಂತಿಕುಮಾರ್ ಕೂಗಿದ. ಸಂಜೀವ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಗೋಡೆ ಹಿಡಿದು ಎದ್ದ.

"ಫೋನ್ ಮಾಡ್ತೀನಿ" ಎಂದ.

"ಮಾಡು" ಎಂದ ನಯಾಜ.

ಟೆಂಪೊ ಹೋಯಿತು, ಅತಿಥಿಗಳ ಕಾರು ಎಂದೋ ಹೋಗಿತ್ತು. ಶಾಮಿಯಾನದವರು ಗೂಟ ಕೀಳುತ್ತಿದ್ದರು. ನಯಾಜ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮಣ್ಣಿನಲ್ಲಿ ಅಂಗಾತ ಮಲಗಿ, ಎರಡೂ ಕಾಲನ್ನು ಎತ್ತಿ ಗೋಡೆಗೆ ಕೊಟ್ಟ. ಬಿಸಿಲಿಗೆ ಗೋಡೆ ಬೆಚ್ಚಗಾಗಿತ್ತು, ಅದೊಂದು ಪುಣ್ಯ. ತಾನೇ ಹತ್ತಿರ ಸರಿದು ಸರಿದು ಬೆರಳುಗಳನ್ನು ಅದಕ್ಕೆ ಒತ್ತಿದ. ಬಹಳ ಹೊತ್ತಿನ ಮೇಲೆ ಮೀನಖಂಡ ಸಡಿಲವಾಯಿತು. ಸಡಿಲವಾದ ಮೇಲೂ ಅವನು ಕಾಲು ಇಳಿಸದೆ ಹಾಗೇ ಮಲಗಿದ್ದ.